ಹಲವರಿಗೊಂದು ಇ-ಮೇಲ್ ಪೆಟ್ಟಿಗೆ

ಒಂದೇ ಇ-ಮೇಲ್ ಪೆಟ್ಟಿಗೆಯನ್ನು ಹಲವು ಮಂದಿ ಬಳಸುವ ಪದ್ಧತಿ. ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನಂಥ ತಾಲೂಕು ಕೇಂದ್ರಗಳ ಕಚೇರಿ, ಶಾಲೆ, ಸಹಕಾರ ಸಂಘ, ಸೈಬರ್ ಅಂಗಡಿಗಳಿಗೆ ಇದು ಹೊಸದೇನಲ್ಲ. ಬಂದ ಮೇಲ್ ಸೇರಬೇಕಾದವರಿಗೆ ಸೇರಲಿಲ್ಲವೆಂಬ ದೂರು ಈ ಪದ್ಧತಿಯಷ್ಟೇ ಹಳೆಯದು. ಅದರ ಕಾರಣ ಹುಡುಕಿ ಸರಿಪಡಿಸುವ ಕ್ರಮಗಳೂ ಅದರ ಜೊತೆಗೇ ಬೆಳೆದುಬಂದಿವೆ.

ಕಾಗದದ ಕಾಲದಲ್ಲೂ ತಾಲೂಕು ಕಚೇರಿಗೆ ವಿಳಾಸ ಒಂದೇ ಇತ್ತು. ಬರುವ ಪತ್ರವೆಲ್ಲ ತಹಶೀಲ್ದಾರರ ಹೆಸರಿಗೇ ಬರುತ್ತಿತ್ತು. ಟಪಾಲು ಶಾಖೆಯ ಗುಮಾಸ್ತರು ಲಕೋಟೆ ಒಡೆದು, ಆವಕ ವಹಿಯಲ್ಲಿ ಕ್ರಮಸಂಖ್ಯೆ, ದಿನಾಂಕ, ಕಳುಹಿಸಿದವರ ಹೆಸರು, ವಿಷಯ ಬರೆದು, ಸಂಬಂಧಪಟ್ಟ ವಿಷಯ ನಿರ್ವಾಹಕರಿಗೆ ಕೊಟ್ಟು ಸಹಿ ಪಡೆಯುತ್ತಿದ್ದರು. ಪತ್ರ ಕಾಣೆಯಾದರೆ ಅದು ಕೊನೆಗೆ ಯಾರ ಕೈಗೆ ಹೋಯಿತೆಂಬುದನ್ನು ವಹಿಯೇ ಹೇಳುತ್ತಿತ್ತು. ಇ-ಮೇಲ್ ಬಂದಾಗ ಕಚೇರಿಗೆ ಪೆಟ್ಟಿಗೆ ಬಂತು, ಅದಕ್ಕೊಂದು ವಹಿ ಬರಲಿಲ್ಲ. ಮುಂದಿನ ತೊಂದರೆಗಳಲ್ಲಿ ಹೆಚ್ಚಿನವು ಹುಟ್ಟಿದ್ದು ಇಲ್ಲಿಂದಲೇ.

ತಾಂತ್ರಿಕ ಬೇರು ಇನ್ನೂ ಹಿಂದಿನದು. 1965ರಲ್ಲಿ ಅಮೆರಿಕದ ಎಂಐಟಿಯಲ್ಲಿ ಟಾಮ್ ವ್ಯಾನ್ ವ್ಲೆಕ್ ಮತ್ತು ನೋಯೆಲ್ ಮೋರಿಸ್ ಬರೆದ ಮೇಲ್ ವ್ಯವಸ್ಥೆಯಲ್ಲಿ ಒಬ್ಬೊಬ್ಬ ಬಳಕೆದಾರನಿಗೂ ಪ್ರತ್ಯೇಕ ಪೆಟ್ಟಿಗೆಯಿತ್ತು. 1982ರಲ್ಲಿ ಜಾನ್ ಪೋಸ್ಟೆಲ್ ರೂಪಿಸಿದ, ಮೇಲ್ ಸಾಗಿಸುವ ಎಸ್‌ಎಂಟಿಪಿ ನಿಯಮದಲ್ಲಿ ಲಕೋಟೆಯ ಮೇಲಿನ ವಿಳಾಸ ಬೇರೆ, ಪತ್ರದೊಳಗಿನ ‘ಟು’ ಸಾಲು ಬೇರೆ. ಸರ್ವರ್ ನೋಡುವುದು ಲಕೋಟೆಯನ್ನು ಮಾತ್ರ. ಪತ್ರ ಪೆಟ್ಟಿಗೆಗೆ ಬಿದ್ದ ಮೇಲೆ ಆ ಲಕೋಟೆ ಉಳಿಯುವುದಿಲ್ಲ. ಪೆಟ್ಟಿಗೆಗೆ ಒಬ್ಬನೇ ಒಡೆಯನಿದ್ದರೆ ಇದರಿಂದ ನಷ್ಟವೇನಿಲ್ಲ. ಹತ್ತು ಮಂದಿಯಿದ್ದರೆ ಪತ್ರ ಯಾರಿಗೆಂದು ತಿಳಿಯುವ ಖಚಿತ ದಾರಿಯೇ ಮುಚ್ಚುತ್ತದೆ.

ಈ ಕೊರತೆ ಎದ್ದು ಕಂಡದ್ದು ಡಯಲ್-ಅಪ್ ಕಾಲದಲ್ಲಿ. ಭಾರತದಲ್ಲಿ ಸರ್ಕಾರಿ ದೂರಸಂಪರ್ಕ ಸಂಸ್ಥೆ ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಇಂಟರ್‌ನೆಟ್ ಕೊಡಲಾರಂಭಿಸಿದ್ದು 1995ರ ಆಗಸ್ಟ್ 15ರಂದು. ಖಾತೆಯೂ ದುಬಾರಿ, ಫೋನ್ ಬಿಲ್ಲೂ ದುಬಾರಿ. ಒಂದೇ ಖಾತೆಗೆ ಎಲ್ಲರ ಮೇಲ್ ತರಿಸಿಕೊಂಡು, ಒಮ್ಮೆ ಸಂಪರ್ಕ ಹೊಂದಿ ಇಳಿಸಿ, ಒಳಗೆ ಹಂಚುವುದು ಮಿತವ್ಯಯದ ಮಾರ್ಗವಾಗಿತ್ತು. ಎರಿಕ್ ರೇಮಂಡ್ 1996ರಲ್ಲಿ ಹೊರತಂದ ಫೆಚ್‌ಮೇಲ್ ತಂತ್ರಾಂಶದ ‘ಮಲ್ಟಿಡ್ರಾಪ್’ ಸೌಲಭ್ಯ ಈ ಕೆಲಸಕ್ಕೇ ಮೀಸಲು. ಅದು ‘ಟು’, ‘ಸಿಸಿ’ ಸಾಲುಗಳನ್ನು ಓದಿ ಇದು ಇಂಥವರಿಗೆ ಎಂದು ಊಹಿಸುತ್ತಿತ್ತು. ಬಿಸಿಸಿಯಲ್ಲಿ ಬಂದ ಪತ್ರದಲ್ಲಿ ಪಡೆಯುವವರ ಹೆಸರೇ ಇರುವುದಿಲ್ಲ. ಗುಂಪಿಗೆ ಬಂದ ಪತ್ರದಲ್ಲಿ ಗುಂಪಿನ ಹೆಸರಷ್ಟೇ ಇರುತ್ತದೆ. ಅಂಥವು ವ್ಯವಸ್ಥಾಪಕರ ಪೆಟ್ಟಿಗೆಯಲ್ಲಿ ರಾಶಿ ಬೀಳುತ್ತಿದ್ದವು, ಇಲ್ಲವೇ ಮತ್ತೆ ಗುಂಪಿಗೇ ಮರಳಿ ಸುತ್ತು ಹೊಡೆಯುತ್ತಿದ್ದವು. ಸೌಲಭ್ಯವನ್ನು ಕೊಟ್ಟ ತಂತ್ರಾಂಶದ ಕೈಪಿಡಿಯೇ ಅದರ ಅಪಾಯಗಳ ಬಗ್ಗೆ ಎಚ್ಚರಿಸುತ್ತಿತ್ತು. ಪರಿಹಾರ ಸರ್ವರ್ ಕಡೆಯಿಂದ ಬರಬೇಕಿತ್ತು: ಸರ್ವರ್ ತಂತ್ರಾಂಶಗಳಾದ ಕ್ಯೂಮೇಲ್ ‘ಡೆಲಿವರ್ಡ್-ಟು’ ಎಂದೂ, ಪೋಸ್ಟ್‌ಫಿಕ್ಸ್ ‘ಎಕ್ಸ್-ಒರಿಜಿನಲ್-ಟು’ ಎಂದೂ ವಿಳಾಸವನ್ನು ಪತ್ರದ ತಲೆಯಲ್ಲಿ ಬರೆದಿಡತೊಡಗಿದವು. ಆವಕ ವಹಿಯ ಕೆಲಸವನ್ನು ಯಂತ್ರ ಕಲಿತದ್ದು ಆಗ.

ಬೆಂಗಳೂರಿನಲ್ಲಿ ಬೆಳೆದ ಸಬೀರ್ ಭಾಟಿಯಾ, ಜ್ಯಾಕ್ ಸ್ಮಿತ್ ಜೊತೆಗೂಡಿ 1996ರ ಜುಲೈ 4ರಂದು ಆರಂಭಿಸಿದ ಹಾಟ್‌ಮೇಲ್ ಪ್ರತಿಯೊಬ್ಬರಿಗೂ ಪುಕ್ಕಟೆ ಪೆಟ್ಟಿಗೆ ಕೊಟ್ಟಿತು. 2004ರಲ್ಲಿ ಜಿಮೇಲ್ ಬಂತು. ಆದರೂ ಹಂಚಿಕೆ ನಿಲ್ಲಲಿಲ್ಲ, ಏಕೆಂದರೆ ಕಚೇರಿಯ ವಿಳಾಸ ಹುದ್ದೆಗೆ ಸೇರಿದ್ದು. ಅಧಿಕಾರಿ ವರ್ಗವಾದರೂ ಅದು ಅಲ್ಲೇ ಉಳಿಯಬೇಕು. ಕೇಂದ್ರ ಸರ್ಕಾರದ 2015ರ ಇ-ಮೇಲ್ ನೀತಿ ಹುದ್ದೆಯ ಹೆಸರಿನ ವಿಳಾಸವನ್ನೂ ವ್ಯಕ್ತಿಯ ಹೆಸರಿನ ವಿಳಾಸವನ್ನೂ ಬೇರೆಬೇರೆಯಾಗಿ ಇಟ್ಟದ್ದು ವಿವೇಕದ ಹೆಜ್ಜೆ.

ಆದರೆ ಮೊದಲು ಹೇಳಿದ ನಾಲ್ಕು ತಾಲೂಕುಗಳಲ್ಲಿ ಆಡಳಿತದ ವಿಳಾಸಗಳೇ ಬದಲಾಗಿವೆ. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆಯಾದಾಗ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಿಂದ ಬಂದವು. ಜಗಳೂರು ಚಿತ್ರದುರ್ಗದಿಂದ ಬಂತು. ನ್ಯಾಮತಿ ಹೊನ್ನಾಳಿಯಿಂದ ಬೇರೆಯಾಗಿ ತಾಲೂಕಾದದ್ದು ತೀರ ಈಚೆಗೆ. ಇಂಥ ವಿಭಜನೆಯಲ್ಲಿ ಹಳೆ ವಿಳಾಸಕ್ಕೆ ಬಂದ ಪತ್ರವನ್ನು ಹೊಸ ಕಚೇರಿಗೆ ದಾಟಿಸುವ ಹೊಣೆ ಯಾರದೆಂದು ಮೊದಲೇ ಗೊತ್ತುಮಾಡದಿದ್ದರೆ ಪತ್ರ ನಡುವೆ ಉಳಿಯುತ್ತದೆ.

ಹಂಚಿಕೊಂಡ ಪೆಟ್ಟಿಗೆಯ ದೋಷಗಳು ಕೆಲವೇ, ಪದೇಪದೇ ಬರುವಂಥವು. ಪಿಒಪಿ ವಿಧಾನದಲ್ಲಿ ಒಂದು ಕಂಪ್ಯೂಟರ್ ಮೇಲ್ ಇಳಿಸಿಕೊಂಡು ಸರ್ವರಿನಿಂದ ಅಳಿಸಿದರೆ ಉಳಿದವರಿಗೆ ಏನೂ ಕಾಣದು. ಒಬ್ಬರು ಒಳಗಿರುವಾಗ ಇನ್ನೊಬ್ಬರಿಗೆ ಪೆಟ್ಟಿಗೆ ತೆರೆಯದಿರಲೂಬಹುದು. ಮಾರ್ಕ್ ಕ್ರಿಸ್ಪಿನ್ 1986ರಲ್ಲಿ ರೂಪಿಸಿದ ಐಮ್ಯಾಪ್ ಮೇಲನ್ನು ಸರ್ವರಿನಲ್ಲೇ ಉಳಿಸಿ ಈ ತೊಡಕನ್ನು ಬಿಡಿಸಿತು. ಆದರೆ ಒಬ್ಬರು ತೆರೆದ ಪತ್ರ ಎಲ್ಲರಿಗೂ ‘ಓದಿದ್ದು’ ಎಂದು ತೋರಿ, ಯಾರೂ ಉತ್ತರಿಸದೆ ಬಿಡುವ ಹೊಸ ತೊಂದರೆ ತಂದಿತು. ಬೇರೆ ವಿಳಾಸಕ್ಕೆ ತಾನಾಗಿ ದಾಟಿಸಿದ ಮೇಲ್, ಕಳುಹಿಸಿದ ಸರ್ವರಿಗೆ ಆ ಅಧಿಕಾರವಿದೆಯೇ ಎಂದು ನೋಡುವ ಎಸ್‌ಪಿಎಫ್ ತಪಾಸಣೆಯಲ್ಲಿ ಸೋತು ಸ್ಪ್ಯಾಮಿಗೆ ಬೀಳುವುದುಂಟು. ಜಿಮೇಲಿನ ಪುಕ್ಕಟೆ 15 ಜಿಬಿ ಜಾಗದಲ್ಲಿ ಫೋಟೊ, ಡ್ರೈವ್ ಕಡತಗಳಿಗೂ ಪಾಲಿದೆ. ಅದು ತುಂಬಿದರೆ ಹೊಸ ಮೇಲ್ ಬರುವುದೇ ನಿಲ್ಲುತ್ತದೆ.

ಕಾಣೆಯಾದ ಮೇಲ್ ಹುಡುಕುವವರು ಮೊದಲು ಸ್ಪ್ಯಾಮ್ ಮತ್ತು ಟ್ರ್ಯಾಶ್ ನೋಡಬೇಕು. ಜಿಮೇಲಿನಲ್ಲಿ ಇವೆರಡೂ 30 ದಿನಗಳಲ್ಲಿ ತಾವಾಗಿ ಅಳಿಯುತ್ತವೆ, ಹಾಗಾಗಿ ತಡ ಸಲ್ಲದು. ಬಳಿಕ ಯಾರೋ ಹಾಕಿಟ್ಟು ಮರೆತ ಫಿಲ್ಟರ್‌ಗಳನ್ನು ಪರೀಕ್ಷಿಸಬೇಕು. ಪತ್ರ ಸಿಕ್ಕಿದರೆ ಮೂರು ಚುಕ್ಕೆ ಒತ್ತಿ ‘ಶೋ ಒರಿಜಿನಲ್’ ತೆರೆದರೆ ‘ರಿಸೀವ್ಡ್’ ಸಾಲುಗಳು ಕಾಣುತ್ತವೆ. ಅವನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಎರಡು ಸಾಲುಗಳ ಸಮಯದ ನಡುವೆ ದೊಡ್ಡ ಅಂತರವಿದ್ದರೆ ಪತ್ರ ತಡೆದದ್ದು ಅಲ್ಲೇ.

ಒಂದೇ ಪಾಸ್‌ವರ್ಡನ್ನು ಎಲ್ಲರಿಗೂ ಹೇಳಿಡುವುದು ಈ ಪದ್ಧತಿಯ ಅತ್ಯಂತ ಕೆಟ್ಟ ರೂಪ. ಅಳಿಸಿದವರು ಯಾರೆಂದು ತಿಳಿಯದು, ಒಟಿಪಿ ಹೋಗುವ ಮೊಬೈಲು ಒಬ್ಬರದೇ. ಒಬ್ಬೊಬ್ಬರಿಗೂ ಸ್ವಂತ ಲಾಗಿನ್ ಕೊಟ್ಟು ಸಾಮಾನ್ಯ ಪೆಟ್ಟಿಗೆಗೆ ಪ್ರವೇಶ ಒದಗಿಸುವ ಸೌಲಭ್ಯ ಜಿಮೇಲಿನಲ್ಲೂ ಮೈಕ್ರೋಸಾಫ್ಟ್ ವ್ಯವಸ್ಥೆಯಲ್ಲೂ ಇದೆ. ಸೈಬರ್ ಅಂಗಡಿಯಲ್ಲಿ ವಿದ್ಯಾರ್ಥಿವೇತನಕ್ಕೋ ಕೆಲಸಕ್ಕೋ ಅರ್ಜಿ ತುಂಬಿಸುವವರು ಅಂಗಡಿಯ ಇ-ಮೇಲ್ ಹಾಕಿಸದೆ ತಮ್ಮದೇ ವಿಳಾಸ ಕೊಡಬೇಕು. ಸಂದರ್ಶನದ ಕರೆ ಬರುವುದು ಅರ್ಜಿಯಲ್ಲಿ ಬರೆದ ವಿಳಾಸಕ್ಕೆ.