ಪಿಎಚ್‌ಡಿ ಪ್ರಬಂಧ ಸ್ಕ್ಯಾನ್ ಮಾಡಿ ಹಾಕಿದರೆ ಆರ್ಕೈವ್ ಆಯಿತೇ?

ಗಣಿತದ ಹಳೆಯ ಪಿಎಚ್‌ಡಿ ಪ್ರಬಂಧಗಳನ್ನು ಸ್ಕ್ಯಾನ್ ಮಾಡಿ ಇಂಟರ್‌ನೆಟ್‌ಗೆ ಹಾಕಿಬಿಟ್ಟರೆ ಅವು ಶಾಶ್ವತವಾಗಿ ಉಳಿಯುತ್ತವೆ ಎಂದು ಹಲವರು ನಂಬಿದ್ದಾರೆ. ಇದು ಅರ್ಧ ಸತ್ಯ ಮಾತ್ರ. ಏಕೆಂದು ನೋಡೋಣ.

ಹಳೆಯ ಪ್ರಬಂಧ ಯಾರಿಗೆ ಬೇಕು?

ಗಣಿತದಲ್ಲಿ ಒಮ್ಮೆ ಸಾಧಿಸಿದ ಪ್ರಮೇಯ ಹಳತಾಗುವುದಿಲ್ಲ. ಜಾನ್ ನ್ಯಾಶ್ 1950ರಲ್ಲಿ ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದ ಪ್ರಬಂಧ 30 ಪುಟವನ್ನೂ ದಾಟಿರಲಿಲ್ಲ. ಅದರಲ್ಲಿದ್ದ ವಿಚಾರಕ್ಕಾಗಿ 1994ರ ಅರ್ಥಶಾಸ್ತ್ರದ ನೊಬೆಲ್‌ನಲ್ಲಿ ಅವರಿಗೆ ಪಾಲು ಸಿಕ್ಕಿತು. ಪತ್ರಿಕೆಯಲ್ಲಿ ಜಾಗವಿಲ್ಲದೆ ಬಿಟ್ಟ ಲೆಕ್ಕ, ಸಾಧನೆಯ ಹಂತಗಳು ಎಷ್ಟೋ ಸಲ ಪ್ರಬಂಧದಲ್ಲಿ ಮಾತ್ರ ಇರುತ್ತವೆ. ಅದು ಕಳೆದುಹೋದರೆ ಮುಂದಿನವರು ಅದೇ ಕೆಲಸವನ್ನು ಮೊದಲಿನಿಂದ ಮಾಡಬೇಕು.

ಭಾರತದಲ್ಲಿ ಏನಿದೆ?

ಪಿಎಚ್‌ಡಿ ಪ್ರಬಂಧದ ಡಿಜಿಟಲ್ ಪ್ರತಿಯನ್ನೂ ಸಲ್ಲಿಸಬೇಕೆಂದು ಯುಜಿಸಿ 2009ರಲ್ಲಿ ನಿಯಮ ಮಾಡಿತು. ಇವುಗಳನ್ನು ಸಂಗ್ರಹಿಸುವ ತಾಣವೇ ಶೋಧಗಂಗಾ. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ಇದನ್ನು ನಡೆಸುತ್ತದೆ. ಕರ್ನಾಟಕದ ವಿಶ್ವವಿದ್ಯಾಲಯಗಳ ಪ್ರಬಂಧಗಳೂ ಇಲ್ಲಿವೆ. ಓದಲು ದುಡ್ಡು ಕೊಡಬೇಕಿಲ್ಲ.

ಸ್ಕ್ಯಾನ್ ಸಾಲದೇ?

ಸ್ಕ್ಯಾನ್ ಎಂದರೆ ಪುಟದ ಫೋಟೋ. ಅದರಲ್ಲಿ ಪದ ಹುಡುಕಬೇಕಾದರೆ ಕಂಪ್ಯೂಟರ್ ಅಕ್ಷರಗಳನ್ನು ಗುರುತಿಸಬೇಕು. ಗಣಿತ ತೊಡಕಾಗುವುದು ಇಲ್ಲೇ. 2ರ ಘಾತ 10 ಎಂದರೆ 1024. ಮೇಲೆ ಚಿಕ್ಕದಾಗಿ ಬರೆದ 10 ಕೆಳಗಿಳಿದರೆ ಅದು 210 ಆಗಿಬಿಡುತ್ತದೆ! ಟೈಪ್‌ರೈಟರ್ ಕಾಲದ ಪ್ರಬಂಧಗಳಲ್ಲಿ ಚಿಹ್ನೆಗಳನ್ನು ಕೈಯಲ್ಲೇ ಬರೆದದ್ದೂ ಉಂಟು. ಅದಕ್ಕೇ ಮೂಲ ಪುಟದ ಚಿತ್ರವನ್ನೂ ಉಳಿಸಿಕೊಳ್ಳಬೇಕು. ಹೊಸ ಪ್ರಬಂಧವಾದರೆ ಪಿಡಿಎಫ್ ಜೊತೆ ಅದರ ಲೇಟೆಕ್ ಫೈಲನ್ನೂ ಪಡೆಯುವುದು ಒಳ್ಳೆಯದು. ಸೂತ್ರಗಳು ಅದರಲ್ಲಿ ಬರಹವಾಗಿಯೇ ಇರುತ್ತವೆ.

ಇನ್ನೇನು ಬೇಕು?

* ವಿವರಪಟ್ಟಿ: ಲೇಖಕರು, ಮಾರ್ಗದರ್ಶಕರು, ವರ್ಷ, ಸಾರಾಂಶ, ವಿಷಯ. ಗಣಿತಕ್ಕೆ ಅಂತರರಾಷ್ಟ್ರೀಯ ವಿಷಯ ಸಂಕೇತಗಳಿವೆ. 11 ಎಂದರೆ ಸಂಖ್ಯಾಸಿದ್ಧಾಂತ. ವಿವರವಿಲ್ಲದ ಫೈಲ್, ಹೆಸರಿಲ್ಲದೆ ಕಪಾಟಿಗೆ ಸೇರಿದ ಪುಸ್ತಕದ ಹಾಗೆ.
* ಕಾಯಂ ಲಿಂಕ್: ವೆಬ್‌ಸೈಟ್ ವಿಳಾಸ ಬದಲಾದರೂ ಪ್ರಬಂಧದ ಗುರುತು ಬದಲಾಗಬಾರದು.
* ಅನುಮತಿ: ಹಳೆಯ ಪ್ರಬಂಧದ ಹಕ್ಕು ಲೇಖಕರದ್ದಾಗಿರಬಹುದು. ಕೇಳಿಯೇ ಹಾಕಬೇಕು.
* ಬೇರೆ ಊರಿನಲ್ಲಿ ಇನ್ನೊಂದು ಪ್ರತಿ: 2023ರ ಅಕ್ಟೋಬರ್‌ನಲ್ಲಿ ಬ್ರಿಟಿಷ್ ಲೈಬ್ರರಿ ಮೇಲೆ ಸೈಬರ್ ದಾಳಿ ನಡೆದಾಗ, ಬ್ರಿಟನ್ನಿನ ಪ್ರಬಂಧಗಳನ್ನು ಹುಡುಕಿಕೊಡುತ್ತಿದ್ದ ಅದರ ‘ಈಥೋಸ್’ ಸೇವೆಯೂ ನಿಂತುಹೋಯಿತು. ತಮ್ಮ ವಿದ್ಯಾರ್ಥಿಗಳ ಪ್ರಬಂಧಗಳನ್ನು ತಮ್ಮಲ್ಲೂ ಇಟ್ಟುಕೊಂಡಿದ್ದ ವಿಶ್ವವಿದ್ಯಾಲಯಗಳಿಂದ ಓದುಗರು ಅವನ್ನು ಪಡೆಯಬಹುದಾಗಿತ್ತು.

ಆರ್ಕೈವ್‌ನಲ್ಲಿದ್ದರೆ ಅದು ಸರಿಯೇ?

ಹಾಗೇನಿಲ್ಲ. ಆರ್ಕೈವ್ ಯಾವ ಪ್ರಮೇಯಕ್ಕೂ ಗ್ಯಾರಂಟಿ ಕೊಡುವುದಿಲ್ಲ. ಆದರೆ ಯಾರು ಬೇಕಾದರೂ ತೆರೆದು ಪರೀಕ್ಷಿಸಬಹುದು, ತಪ್ಪಿದ್ದರೆ ಹಿಡಿಯಬಹುದು. “ನಮ್ಮವರೊಬ್ಬರು ಇಂಥ ಗಣಿತ ಸಮಸ್ಯೆ ಬಿಡಿಸಿದರು” ಎಂಬ ಫಾರ್ವರ್ಡ್ ಬಂದರೆ, ಹಂಚುವ ಮುನ್ನ ಆ ಕೆಲಸ ಎಲ್ಲಿ ಪ್ರಕಟವಾಗಿದೆ ಎಂದು ಕೇಳಿ.

ನಾವೇನು ಮಾಡಬಹುದು?

ನಿಮ್ಮ ಮನೆಯ ಅಟ್ಟದಲ್ಲಿ ಯಾರದಾದರೂ ಹಳೆಯ ಪ್ರಬಂಧವಿದ್ದರೆ ರದ್ದಿಗೆ ಹಾಕುವ ಮುನ್ನ ಆ ವಿಶ್ವವಿದ್ಯಾಲಯದ ಗ್ರಂಥಾಲಯವನ್ನು ವಿಚಾರಿಸಿ. ಅವರ ಬಳಿ ಪ್ರತಿ ಇಲ್ಲದಿದ್ದರೆ ನಿಮ್ಮಲ್ಲಿರುವುದೇ ಕೊನೆಯದಾಗಿರಬಹುದು.