ಚಳಿಜ್ವರದ ಮದ್ದು ಅಮ್ಮನ ಲೂಪಸ್‌ಗೆ ಬಂದದ್ದು ಹೇಗೆ?

ಹೇಮಾವತಿ ಹುಟ್ಟುವ ಜಾವಳಿ ಸುತ್ತಿನ ಮಲೆನಾಡಿನಲ್ಲಿ ಹಿಂದೆ ಚಳಿಜ್ವರದ, ಅಂದರೆ ಮಲೇರಿಯಾದ ಕಾಟ ಜೋರಾಗಿತ್ತು. ಅದಕ್ಕೆ ಮದ್ದು, ಸಿಂಕೋನಾ ತೊಗಟೆಯ ಕಹಿ ಕ್ವಿನೈನ್. 1894ರಲ್ಲಿ ಲಂಡನ್ನಿನ ವೈದ್ಯ ಪೇನ್ ಅದನ್ನೇ ಲೂಪಸ್‌ಗೂ ಕೊಟ್ಟು ನೋಡಿದರು.

ಲೂಪಸ್ ಎಂದರೆ ಮೈಯ ರಕ್ಷಣಾ ಶಕ್ತಿ ಮೈಮೇಲೇ ತಿರುಗಿ ಬೀಳುವ ಕಾಯಿಲೆ. ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. 1955ರಲ್ಲಿ ಅಮೆರಿಕ ಒಪ್ಪಿದ ಹೈಡ್ರಾಕ್ಸಿಕ್ಲೋರೋಕ್ವಿನ್ ಕೂಡ ಮಲೇರಿಯಾ ಮದ್ದಿನ ಸಾಲಿನದೇ. ಲೂಪಸ್ ಚಿಕಿತ್ಸೆಗೆ ಇಂದಿಗೂ ಅದೇ ಬುನಾದಿ. ಆಗ ಅಲ್ಲಿನ ಒಂದು ಅಧ್ಯಯನದಲ್ಲಿ ನಾಲ್ಕು ವರ್ಷ ಉಳಿದವರು ಅರ್ಧದಷ್ಟು ಮಾತ್ರ. ಈಗ ಒಳ್ಳೆಯ ಚಿಕಿತ್ಸೆ ಸಿಕ್ಕರೆ 100ರಲ್ಲಿ 90ಕ್ಕೂ ಹೆಚ್ಚು ಜನ ಐದು ವರ್ಷ ದಾಟುತ್ತಾರೆ.

2020ರ ಮಾರ್ಚ್‌ನಲ್ಲಿ ಇದೇ ಕೋವಿಡ್ ಮದ್ದೆಂಬ ಸುದ್ದಿ ಹಬ್ಬಿ, ಲೂಪಸ್ ಇದ್ದವರಿಗೇ ಮಾತ್ರೆ ಸಿಗುವುದು ಕಷ್ಟವಾಯಿತು. ಕೇಂದ್ರ ಸರ್ಕಾರ ರಫ್ತು ತಡೆದು, ಡಾಕ್ಟರ ಚೀಟಿಯಿಲ್ಲದೆ ಮಾರಬಾರದೆಂದಿತು.

ಹಾಗಾಗಿ ಮಕ್ಕಳ ಮೊದಲ ಕೆಲಸ, ಅಮ್ಮನ ಮಾತ್ರೆ ತಪ್ಪದಂತೆ ನೋಡಿಕೊಳ್ಳುವುದು. ಮುಗಿಯುವ ಮೊದಲೇ ತಂದಿಡಿ. ಹುಷಾರಾದರೂ ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ. ಈ ಮಾತ್ರೆ ವರ್ಷಗಟ್ಟಲೆ ತಿಂದರೆ ಕಣ್ಣಿಗೆ ತೊಂದರೆಯಾಗಬಹುದು, ಡಾಕ್ಟರು ಹೇಳಿದಾಗ ಕಣ್ಣು ಪರೀಕ್ಷೆ ಮಾಡಿಸಿ. ಬಿಸಿಲು ಲೂಪಸ್ಸನ್ನು ಕೆರಳಿಸುತ್ತದೆ. ಕಣದಲ್ಲಿ ಕಾಫಿ ಹರವುವ ಕೆಲಸ ನೀವೇ ಮಾಡಿ.