ಊಟ ಬಿಟ್ಟವರು, ಊಟಕ್ಕೆ ಮೊರೆಹೋದವರು

ಮನೋವೈದ್ಯರ ಕೋಣೆಯಲ್ಲಿ ನಿದ್ದೆಯ ವಿಚಾರದ ಜೊತೆಜೊತೆಗೇ ಬರುವ ಪ್ರಶ್ನೆ 'ಊಟ ಸೇರುತ್ತಾ?' ಎಂಬುದು. ತನಗೆ ದುಃಖವಾಗಿದೆ ಎಂದು ಬಾಯಿಬಿಟ್ಟು ಹೇಳಲಾರದವರೂ ಇದಕ್ಕೆ ಉತ್ತರ ಕೊಡುತ್ತಾರೆ. ಅನ್ನ ಗಂಟಲಲ್ಲಿ ಇಳಿಯುವುದಿಲ್ಲ, ಬಾಯಿಗೆ ಏನೂ ರುಚಿಸುವುದಿಲ್ಲ, ಹಾಕಿದ ಬಟ್ಟೆಯೆಲ್ಲ ಸಡಿಲವಾಗಿದೆ ಎನ್ನುತ್ತಾರೆ ಹಲವರು. ಹೊಟ್ಟೆ ತುಂಬಿದ್ದರೂ ತಿನ್ನುತ್ತಲೇ ಇರಬೇಕೆನಿಸುತ್ತದೆ, ಸಿಹಿ ಕಂಡರೆ ಕೈ ತಡೆಯುವುದಿಲ್ಲ, ತೂಕ ಏರುತ್ತಲೇ ಇದೆ ಎನ್ನುತ್ತಾರೆ ಇನ್ನು ಕೆಲವರು. ಈ ಎರಡನೆಯವರ ಮಾತೂ ಖಿನ್ನತೆಯ ಲಕ್ಷಣವೇ ಎಂದು ಒಪ್ಪಿಕೊಳ್ಳಲು ವೈದ್ಯಶಾಸ್ತ್ರಕ್ಕೆ ಬಹಳ ಕಾಲ ಹಿಡಿಯಿತು. ಎರಡೂ ಗುಂಪಿನವರ ದೇಹದೊಳಗೆ ನಡೆಯುತ್ತಿರುವುದು ಬೇರೆಬೇರೆ ಇರಬಹುದೇ ಎಂದು ಹುಡುಕಲು ಇನ್ನೂ ಹೆಚ್ಚು ಕಾಲ ಬೇಕಾಯಿತು.

ಹಸಿವಿಗೂ ಮನಸ್ಸಿಗೂ ನಂಟಿದೆ ಎಂಬ ತಿಳಿವಳಿಕೆ ಮಾತ್ರ ಬಹು ಹಳೆಯದು. ಗ್ರೀಸಿನ ಹಿಪೊಕ್ರೆಟಿಸ್ ಪರಂಪರೆಯ ಬರಹಗಳು ವಿಷಣ್ಣತೆಯ ರೋಗವನ್ನು ವಿವರಿಸುವಾಗ ನಿದ್ರಾಹೀನತೆ, ಚಡಪಡಿಕೆಗಳ ಸಾಲಿನಲ್ಲೇ ಆಹಾರದ ಮೇಲಿನ ಜಿಗುಪ್ಸೆಯನ್ನೂ ಸೇರಿಸಿದ್ದವು. ಚಿಂತೆ, ಶೋಕ, ಭಯಗಳಲ್ಲಿ ಮುಳುಗಿದವನಿಗೆ ಹಿತವಾದ ಆಹಾರವನ್ನು ಹಿತಮಿತವಾಗಿ ಕೊಟ್ಟರೂ ಜೀರ್ಣವಾಗುವುದಿಲ್ಲ ಎನ್ನುತ್ತದೆ ನಮ್ಮ ಚರಕ ಸಂಹಿತೆ. ಎರಡು ಕಡೆಯೂ ಕಂಡದ್ದು ಊಟ ಒಲ್ಲದ ರೋಗಿ.

ಆಧುನಿಕ ಮನೋವೈದ್ಯಶಾಸ್ತ್ರಕ್ಕೆ ತಳಪಾಯ ಹಾಕಿದ ಜರ್ಮನಿಯ ಎಮಿಲ್ ಕ್ರೇಪಲಿನ್ ಕಣ್ಣಿಗೆ ಬಿದ್ದದ್ದೂ ಅದೇ. ಖಿನ್ನತೆ ಕವಿದಾಗ ರೋಗಿಯ ತೂಕ ಇಳಿಯುತ್ತದೆ, ಚೇತರಿಕೆಯ ಹೊತ್ತಿಗೆ ಮತ್ತೆ ಏರುತ್ತದೆ ಎಂದು ಆತ ದಾಖಲಿಸಿದ. ರೋಗಿಯ ಮಾತನ್ನು ನೆಚ್ಚಲಾಗದ ಕಡೆ ತಕ್ಕಡಿಯನ್ನಾದರೂ ನೆಚ್ಚಬಹುದಾಗಿತ್ತು. ಮನಸ್ಸಿನ ಕಾಯಿಲೆಯಲ್ಲಿ ಅಂಕಿಯಲ್ಲಿ ಹಿಡಿಯಬಹುದಾದ ಗುರುತುಗಳು ವಿರಳವಾಗಿದ್ದ ಆ ಕಾಲದಲ್ಲಿ ಅದು ದೊಡ್ಡ ಆಸರೆ. ಆದರೆ ಅವನ ಮುಂದಿದ್ದವರು ಆಸ್ಪತ್ರೆಗೆ ದಾಖಲಾಗುವಷ್ಟು ತೀವ್ರವಾಗಿ ಕಾಯಿಲೆ ಬಿದ್ದವರು. ಮನೆಯಲ್ಲೇ ಉಳಿದು ದಪ್ಪಗಾಗುತ್ತ ಹೋದವರು ಆ ತಕ್ಕಡಿಯ ಹತ್ತಿರ ಬರಲೇ ಇಲ್ಲ.

ಈ ಮಿತಿ 20ನೆಯ ಶತಮಾನದ ನಡುವಿನಲ್ಲಿ ಗಟ್ಟಿಯಾಗಿ ನೆಲೆಯೂರಿತು. 1960ರಲ್ಲಿ ಬ್ರಿಟನ್ನಿನ ಮ್ಯಾಕ್ಸ್ ಹ್ಯಾಮಿಲ್ಟನ್ ಖಿನ್ನತೆಯ ತೀವ್ರತೆಯನ್ನು ಅಳೆಯುವ ಪಟ್ಟಿಯೊಂದನ್ನು ಪ್ರಕಟಿಸಿದರು. ಅದರ 17 ಅಂಶಗಳಲ್ಲಿ ಹಸಿವು ಕುಗ್ಗುವುದಕ್ಕೆ ಅಂಕವಿದೆ, ತೂಕ ಇಳಿಯುವುದಕ್ಕೆ ಅಂಕವಿದೆ, ನಿದ್ದೆಗೆಡುವುದಕ್ಕಂತೂ ಮೂರು ಪ್ರತ್ಯೇಕ ಅಂಶಗಳಿವೆ. ಹಸಿವು ಹೆಚ್ಚಿದರೆ, ತೂಕ ಏರಿದರೆ, ದಿನವಿಡೀ ನಿದ್ದೆ ಬಂದರೆ ಅಂಕವಿಲ್ಲ. 1979ರಲ್ಲಿ ಬಂದ ಮಾಂಟ್‌ಗೊಮರಿ ಮತ್ತು ಆಸ್ಬರ್ಗ್ ಅವರ ಪಟ್ಟಿಯೂ ಹಸಿವು ಕುಗ್ಗಿದ್ದನ್ನಷ್ಟೇ ಕೇಳುತ್ತದೆ. ಖಿನ್ನತೆಯ ಔಷಧಗಳ ಪ್ರಯೋಗಗಳು ದಶಕಗಳಿಂದ ಅವಲಂಬಿಸಿರುವುದು ಮುಖ್ಯವಾಗಿ ಈ ಎರಡು ಪಟ್ಟಿಗಳನ್ನೇ. ಇದರ ಪರಿಣಾಮ ಸಣ್ಣದಲ್ಲ. ಅತಿಯಾಗಿ ತಿನ್ನುವ, ಅತಿಯಾಗಿ ಮಲಗುವ ರೋಗಿ ಎಷ್ಟೇ ಸಂಕಟದಲ್ಲಿದ್ದರೂ ಈ ಪಟ್ಟಿಯಲ್ಲಿ ಕಡಿಮೆ ಅಂಕ ಪಡೆದು 'ಅಷ್ಟೇನೂ ತೀವ್ರವಲ್ಲ' ಎನ್ನಿಸಿಕೊಳ್ಳಬಹುದು. ಹ್ಯಾಮಿಲ್ಟನ್ ತಮ್ಮ ಪಟ್ಟಿಯನ್ನು ಮಾಡಿದ್ದು ಖಿನ್ನತೆಯೆಂದು ಆಗಲೇ ನಿರ್ಧಾರವಾದ ರೋಗಿಗಳಿಗಾಗಿ. ಅದನ್ನು ಎಲ್ಲರಿಗೂ ಒಂದೇ ಅಳತೆಗೋಲಾಗಿ ಹಿಡಿದದ್ದು ನಂತರದವರ ತಪ್ಪು ಎಂದೇ ನಾನು ಭಾವಿಸುತ್ತೇನೆ.

ಬೇರೆ ಬಗೆಯ ರೋಗಿಗಳಿದ್ದಾರೆ ಎಂಬ ಸುಳಿವು ಹ್ಯಾಮಿಲ್ಟನ್ ಪಟ್ಟಿಗಿಂತ ಒಂದು ವರ್ಷ ಮೊದಲೇ ಸಿಕ್ಕಿತ್ತು. 1959ರಲ್ಲಿ ಲಂಡನ್ನಿನ ವೆಸ್ಟ್ ಮತ್ತು ಡಾಲಿ ಎಂಬ ವೈದ್ಯರು, ಐಪ್ರೊನಯಾಜಿಡ್ ಎಂಬ ಔಷಧಕ್ಕೆ ಚೆನ್ನಾಗಿ ಸ್ಪಂದಿಸಿದ ಕೆಲವು ರೋಗಿಗಳು ಖಿನ್ನತೆಯ ಪರಿಚಿತ ಚಿತ್ರಕ್ಕೆ ಹೊಂದುವುದಿಲ್ಲ ಎಂದು ಬರೆದರು. ಈ ಎಳೆಯನ್ನು ಹಿಡಿದು ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾಲಯದ ತಂಡ ಮುಂದೆ ವರ್ಷಗಟ್ಟಲೆ ಕೆಲಸ ಮಾಡಿತು. ಒಳ್ಳೆಯ ಸುದ್ದಿ ಕೇಳಿದರೆ ತಾತ್ಕಾಲಿಕವಾಗಿಯಾದರೂ ಅರಳುವ ಮನಸ್ಸು, ಹೆಚ್ಚಿದ ಹಸಿವು, ಹೆಚ್ಚಿದ ನಿದ್ದೆ, ಸೀಸ ತುಂಬಿದಂತೆ ಭಾರವಾಗುವ ಕೈಕಾಲು, ಯಾರಾದರೂ ದೂರ ಸರಿಸಿದರೆ ತಾಳಲಾಗದ ನೋವು ಎಂದು ಆ ರೋಗಿಗಳ ಚಿತ್ರ ಸ್ಪಷ್ಟವಾಯಿತು. ಅವರಿಗೆ ಇಮಿಪ್ರಮಿನ್‌ಗಿಂತ ಫಿನೆಲ್ಜಿನ್ ಎಂಬ ಔಷಧ ಹೆಚ್ಚು ಕೆಲಸ ಮಾಡುತ್ತದೆ ಎಂದು 1980ರ ದಶಕದ ಪ್ರಯೋಗಗಳು ತೋರಿಸಿದವು. 1984ರಲ್ಲಿ ನಾರ್ಮನ್ ರೋಸೆಂಥಾಲ್ ಮತ್ತು ಸಂಗಡಿಗರು ಚಳಿಗಾಲದಲ್ಲಷ್ಟೇ ಮರುಕಳಿಸುವ ಖಿನ್ನತೆಯನ್ನು ವಿವರಿಸಿದರು. ಅಲ್ಲೂ ಸಿಹಿ ಮತ್ತು ಪಿಷ್ಟದ ಪದಾರ್ಥಗಳಿಗೆ ಹಂಬಲ, ತೂಕ ಏರಿಕೆ. ಆ ರೋಗಿಗಳನ್ನು ಹ್ಯಾಮಿಲ್ಟನ್ ಪಟ್ಟಿಯಿಂದ ಅಳೆಯಲಾಗದೆ ಅದಕ್ಕೆ ಎಂಟು ಹೆಚ್ಚುವರಿ ಅಂಶಗಳನ್ನು ಜೋಡಿಸಬೇಕಾಯಿತು.

ರೋಗನಿರ್ಣಯದ ಅಧಿಕೃತ ಮಾನದಂಡಗಳು ಇದರ ಹಿಂದೆಯೇ ನಿಧಾನವಾಗಿ ನಡೆದವು. 1972ರ ಫೈನರ್ ಮಾನದಂಡದಲ್ಲಿ ಇದ್ದದ್ದು ಹಸಿವು ಕುಂದುವುದು, ತೂಕ ಇಳಿಯುವುದು ಮಾತ್ರ. ಅಮೆರಿಕದ ಮನೋವೈದ್ಯರ ಸಂಘದ 1980ರ ಕೈಪಿಡಿ ಏರಿಕೆಯನ್ನೂ ಸೇರಿಸಿತು, 1987ರ ಪರಿಷ್ಕರಣೆ ತಿಂಗಳಿಗೆ ಶೇಕಡ 5ರಷ್ಟು ತೂಕ ವ್ಯತ್ಯಾಸ ಎಂಬ ಅಳತೆಯನ್ನು ಹೇಳಿತು. 60 ಕಿಲೋ ತೂಗುವವರಿಗೆ ಅದು 3 ಕಿಲೋ. ಸೇರಿಸಿದ್ದು ಸರಿ, ಸೇರಿಸಿದ ರೀತಿಯಲ್ಲಿ ತೊಡಕಿತ್ತು. ಹಸಿವು ಕುಗ್ಗಿದರೂ ಹಿಗ್ಗಿದರೂ ಒಂದೇ ಲಕ್ಷಣವೆಂದು ಎಣಿಸಲಾಯಿತು. ಇಂದು ಜಗತ್ತಿನಾದ್ಯಂತ ಬಳಕೆಯಲ್ಲಿರುವ, 2001ರಲ್ಲಿ ಪ್ರಕಟವಾದ ಪಿಎಚ್‌ಕ್ಯು-9 ಎಂಬ ಒಂಬತ್ತು ಪ್ರಶ್ನೆಗಳ ನಮೂನೆಯಲ್ಲೂ 'ಹಸಿವಿಲ್ಲದಿರುವುದು ಅಥವಾ ಅತಿಯಾಗಿ ತಿನ್ನುವುದು' ಒಂದೇ ಪ್ರಶ್ನೆ. ಅಂಕ ಸಿಗುತ್ತದೆ, ದಿಕ್ಕು ಕಳೆದುಹೋಗುತ್ತದೆ. ಖಿನ್ನತೆಯನ್ನು ಅಳೆಯುವ ಬೆಕ್ ಅವರ ಪ್ರಶ್ನಾವಳಿಯ 1996ರ ಆವೃತ್ತಿಯಾದರೋ ಏರಿಕೆ ಇಳಿಕೆಗಳನ್ನು ಬೇರೆಬೇರೆಯಾಗಿ ಗುರುತು ಹಾಕಲು ಅವಕಾಶ ಕೊಟ್ಟಿತು.

ದಿಕ್ಕು ಏಕೆ ಮುಖ್ಯ ಎಂಬುದಕ್ಕೆ ಒಂದು ಸರಳ ಸಾಕ್ಷ್ಯವನ್ನು ಆಲ್ಬರ್ಟ್ ಸ್ಟಂಕಾರ್ಡ್ ಮತ್ತು ಸಂಗಡಿಗರು 1990ರಲ್ಲಿ ಕೊಟ್ಟರು. ಖಿನ್ನತೆ ಮರುಕಳಿಸಿದಾಗ ಒಬ್ಬ ರೋಗಿಯ ತೂಕ ಹಿಂದಿನ ಬಾರಿ ಹೋದ ದಿಕ್ಕಿಗೇ ಮತ್ತೆ ಹೋಗುವುದು ಸಾಮಾನ್ಯ ಎಂದು ಅವರು ಕಂಡರು. ಅಂದರೆ ಇದು ಆ ಹೊತ್ತಿನ ಆಕಸ್ಮಿಕವಲ್ಲ, ಆ ವ್ಯಕ್ತಿಯ ದೇಹದ ಗುಣ. ಕೆನೆತ್ ಕೆಂಡ್ಲರ್ ತಂಡದ 1996ರ ಅವಳಿಗಳ ಅಧ್ಯಯನದಲ್ಲೂ ಅತಿಹಸಿವಿನ ಗುಂಪು ಪ್ರತ್ಯೇಕವಾಗಿ ಎದ್ದು ಕಂಡಿತು.

1994ರಲ್ಲಿ ಜೆಫ್ರಿ ಫ್ರೀಡ್‌ಮನ್ ತಂಡ ಕೊಬ್ಬಿನ ಕೋಶಗಳು ಸ್ರವಿಸುವ ಲೆಪ್ಟಿನ್ ಹಾರ್ಮೋನನ್ನು ಕಂಡುಹಿಡಿದ ಮೇಲೆ ಹಸಿವಿನ ವಿಜ್ಞಾನವೇ ಬದಲಾಯಿತು. ನೆದರ್ಲೆಂಡ್ಸಿನಲ್ಲಿ 2004ರಿಂದ 2,981 ಜನರನ್ನು ಹಿಂಬಾಲಿಸಿದ ಬೃಹತ್ ಅಧ್ಯಯನದಲ್ಲಿ ಹಸಿವು ಕುಗ್ಗಿಸುವ ಬಗೆಯ ಖಿನ್ನತೆಯವರಲ್ಲಿ ಒತ್ತಡದ ಹಾರ್ಮೋನಾದ ಕಾರ್ಟಿಸಾಲ್ ಹೆಚ್ಚು ಕಂಡಿತು. ಹಸಿವು ಹೆಚ್ಚಿಸುವ ಬಗೆಯವರಲ್ಲಿ ಉರಿಯೂತದ ಸೂಚಕಗಳು, ಚಯಾಪಚಯದ ಏರುಪೇರು ಎದ್ದು ಕಂಡವು. 2016ರಲ್ಲಿ ಕೈಲ್ ಸಿಮ್ಮನ್ಸ್ ತಂಡ ಆಹಾರದ ಚಿತ್ರಗಳನ್ನು ತೋರಿಸಿ ಮಿದುಳಿನ ಸ್ಕ್ಯಾನ್ ಮಾಡಿತು. ಹಸಿವು ಹೆಚ್ಚಿದವರಲ್ಲಿ ಸುಖದ ನಿರೀಕ್ಷೆಗೆ ಸಂಬಂಧಿಸಿದ ಭಾಗಗಳು ಹೆಚ್ಚು ಚುರುಕಾದವು. ಹಸಿವು ಕುಗ್ಗಿದವರಲ್ಲಿ ದೇಹದೊಳಗಿನ ಸ್ಥಿತಿಯನ್ನು ಗ್ರಹಿಸುವ ಇನ್ಸುಲಾ ಭಾಗ ಮಂಕಾಗಿತ್ತು. ಮರುವರ್ಷ ಯೂರಿ ಮಿಲನೆಸ್ಕಿ ಮತ್ತು ಸಂಗಡಿಗರು, ಹಸಿವು ಮತ್ತು ತೂಕ ಹೆಚ್ಚುವ ಖಿನ್ನತೆಗೂ ಬೊಜ್ಜಿಗೂ ವಂಶವಾಹಿಗಳ ಮಟ್ಟದಲ್ಲೇ ನಂಟಿದೆ, ತೂಕ ಇಳಿಯುವ ಖಿನ್ನತೆಗೆ ಆ ನಂಟಿಲ್ಲ ಎಂದು ತೋರಿಸಿದರು. ನನ್ನ ಮಟ್ಟಿಗೆ ಈ ಕ್ಷೇತ್ರದ ದೊಡ್ಡ ತಿರುವು ಇದೇ. 'ನಾಲಿಗೆಗೆ ಕಡಿವಾಣ ಹಾಕು' ಎಂದು ರೋಗಿಯನ್ನು ಜರೆಯುವುದಕ್ಕೆ ಆಧಾರವಿಲ್ಲ ಎಂದು ಅದು ಹೇಳಿತು.

ಇನ್ನೊಂದು ಗಂಟೂ ಬಿಚ್ಚಬೇಕಿತ್ತು. ಖಿನ್ನತೆ ತೂಕವನ್ನು ಬದಲಿಸುತ್ತದೆಯೋ, ತೂಕ ಖಿನ್ನತೆಯನ್ನು ತರುತ್ತದೆಯೋ? ಎರಡನೆಯ ಮಹಾಯುದ್ಧದ ಕಾಲದಲ್ಲಿ ಮಿನ್ನೆಸೋಟಾದಲ್ಲಿ ಆನ್ಸೆಲ್ ಕೀಸ್ 36 ಆರೋಗ್ಯವಂತ ಯುವಕರನ್ನು, ಅವರ ಒಪ್ಪಿಗೆಯಿಂದಲೇ, ಅರೆಹೊಟ್ಟೆಯಲ್ಲಿಟ್ಟಾಗ ಅವರು ಮಂಕಾದರು, ಎಲ್ಲದರಲ್ಲೂ ಆಸಕ್ತಿ ಕಳೆದುಕೊಂಡರು. ಉಪವಾಸವೇ ಮನಸ್ಸನ್ನು ಕುಗ್ಗಿಸಬಲ್ಲದು ಎಂಬುದು ಆಗಲೇ ತಿಳಿಯಿತು. ಬೊಜ್ಜಿನ ಕಡೆಯ ಲೆಕ್ಕವನ್ನು 2010ರಲ್ಲಿ ಲುಪ್ಪಿನೊ ಮತ್ತು ಸಂಗಡಿಗರು 15 ಅಧ್ಯಯನಗಳನ್ನು ಒಟ್ಟುಗೂಡಿಸಿ ಕೊಟ್ಟರು. ಬೊಜ್ಜಿರುವವರಿಗೆ ಮುಂದೆ ಖಿನ್ನತೆ ಬರುವ ಸಾಧ್ಯತೆ ಶೇಕಡ 55 ಹೆಚ್ಚು, ಖಿನ್ನತೆ ಇರುವವರಿಗೆ ಮುಂದೆ ಬೊಜ್ಜು ಬರುವ ಸಾಧ್ಯತೆ ಶೇಕಡ 58 ಹೆಚ್ಚು. ದಾರಿ ಎರಡೂ ಕಡೆಗಿದೆ.

ಇದರ ಮೇಲೆ ಔಷಧದ ಪಾಲು. ಅಮಿಟ್ರಿಪ್ಟಿಲಿನ್ ತೆಗೆದುಕೊಳ್ಳುವವರಲ್ಲಿ ತೂಕ ಏರುವುದನ್ನೂ ಸಿಹಿಯ ಹಂಬಲವನ್ನೂ 1973ರಲ್ಲೇ ಯೂಜೀನ್ ಪೇಕೆಲ್ ಮತ್ತು ಸಂಗಡಿಗರು ವರದಿ ಮಾಡಿದ್ದರು. ಮಿರ್ಟಾಜಪೀನ್ ಹಸಿವನ್ನು ಕೆರಳಿಸುತ್ತದೆ. ಹಾಗಾಗಿ ಊಟ ಬಿಟ್ಟು ಸೊರಗಿದವರಿಗೆ ವೈದ್ಯರು ಅದನ್ನು ಆರಿಸುವುದುಂಟು. ಬುಪ್ರೊಪಿಯಾನ್‌ನಿಂದ ತೂಕ ಏರುವುದು ಕಡಿಮೆ. ತೂಕ ಏರಿತೆಂದು ಯಾರಿಗೂ ಹೇಳದೆ ಮಾತ್ರೆ ನಿಲ್ಲಿಸಿಬಿಡುವವರು ನಮ್ಮಲ್ಲಿ ಬಹಳ. ನಿಲ್ಲಿಸುವುದಕ್ಕಿಂತ ವೈದ್ಯರಿಗೆ ತಿಳಿಸಿ ಬದಲಿಸಿಕೊಳ್ಳುವುದು ಮೇಲು, ಬದಲಿ ಔಷಧಗಳಿವೆ.

ನಮ್ಮ ಮನೆಗಳಲ್ಲಿ ಊಟ ಬಿಟ್ಟವರ ಬಗ್ಗೆ ಬೇಗ ಗಾಬರಿಯಾಗುತ್ತದೆ. ಅಮ್ಮ, ಅಕ್ಕ, ನೆರೆಯವರೆಲ್ಲ ಒಂದು ತುತ್ತಿಗೆ ಒತ್ತಾಯಿಸುತ್ತಾರೆ. ಹೆಚ್ಚು ತಿನ್ನುವವರನ್ನು 'ಚೆನ್ನಾಗಿ ಉಣ್ಣುತ್ತಾಳೆ, ಇವಳಿಗೇನಾಗಿದೆ' ಎಂದು ಬಿಟ್ಟುಬಿಡುತ್ತೇವೆ, ಇಲ್ಲವೇ ದಪ್ಪಗಾದಳೆಂದು ಆಡಿಕೊಳ್ಳುತ್ತೇವೆ. ಈ ಮಾತು ಕಾಯಿಲೆಯನ್ನು ಇನ್ನಷ್ಟು ಆಳಕ್ಕೆ ತಳ್ಳುತ್ತದೆ. ತೂಕದ ಬದಲಾವಣೆಗೆ ಥೈರಾಯ್ಡ್, ಸಕ್ಕರೆ ಕಾಯಿಲೆ, ಕ್ಷಯದಂಥ ಕಾರಣಗಳೂ ಇರುವುದರಿಂದ ರಕ್ತಪರೀಕ್ಷೆ ಮೊದಲಾದವು ಅಗತ್ಯ, ಅದರಲ್ಲೂ ವಯಸ್ಸಾದವರಲ್ಲಿ. ಆದರೆ ಪರೀಕ್ಷೆಗಳೆಲ್ಲ ಸರಿಯಿದ್ದು, ಎರಡು ವಾರಗಳಿಗೂ ಮೀರಿ ಮನಸ್ಸು ಮಂಕಾಗಿ, ಹಸಿವು ಯಾವ ಕಡೆಗೇ ಆಗಲಿ ಬದಲಾಗಿದ್ದರೆ ಮನೋವೈದ್ಯರನ್ನು ಕಾಣಿ. ಯಾರನ್ನು ಕಾಣಬೇಕೆಂದು ತಿಳಿಯದಿದ್ದರೆ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ. ಬೆಂಗಳೂರಿನ ನಿಮ್ಹಾನ್ಸ್ ಅದರ ಕೇಂದ್ರಸ್ಥಾನ. ಸಂಖ್ಯೆ 14416; ಕನ್ನಡದಲ್ಲೇ ಮಾತಾಡಬಹುದು, ಹಗಲು ರಾತ್ರಿ ಯಾವ ಹೊತ್ತಿನಲ್ಲಾದರೂ, ಉಚಿತವಾಗಿ.